ಡಬ್ಬದ ಮೇಲಿನ ಕಿಲೋಮೀಟರು, ಗುಡ್ಡೆಯ ಮೇಲಿನ ಕಿಲೋಮೀಟರು

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟ. ಮನೆ ತಗ್ಗಿನ ಬೈಲಿನಲ್ಲಿ, ಸುತ್ತಲೂ ಗುಡ್ಡೆ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಬದಿಯಡ್ಕದಲ್ಲಿ ಭಾವನ ಮನೆ, ನಮ್ಮಿಂದ ಹತ್ತು ಹನ್ನೆರಡು ಕಿಲೋಮೀಟರ್. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಅಂಗೈಯಲ್ಲಿ ಹಿಡಿಯುವಂಥ ಹ್ಯಾಮ್ ರೇಡಿಯೋ ಕಾಣುತ್ತದೆ. ‘10 ಕಿ.ಮೀ. ರೇಂಜ್’ ಅಂತ ಬರೆದಿದ್ದಾರೆ. ಒಂದು ಜೋಡಿ ತೆಗೆದುಕೊಂಡರೆ ಕೆಲಸ ಆದೀತಾ? ಲೈಸನ್ಸ್ ಬೇಕೇ ಬೇಕಾ? ಒಂಬತ್ತನೇ ಕ್ಲಾಸಿನ ಮಗಳಿಗೂ ಇದರಲ್ಲಿ ಆಸಕ್ತಿ ಇದೆ. ಮಂಗಳೂರಿಗೆ ಹೋಗುವಾಗ ಜೊತೆಗೆ ಒಯ್ಯಬಹುದಾ?

ಉತ್ತರ: ಈಗಲೇ ತೆಗೆದುಕೊಳ್ಳಬೇಡಿ. ಹ್ಯಾಮ್ ರೇಡಿಯೋ, ಅಂದರೆ ಲೈಸನ್ಸ್ ಪಡೆದ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋ, ಕೆಟ್ಟದ್ದು ಅಂತಲ್ಲ. ಲೈಸನ್ಸ್ ಮೊದಲು, ಆಂಟೆನಾ ಆಮೇಲೆ, ಸೆಟ್ಟು ಕೊನೆಗೆ. ಜಾಹೀರಾತು ಇದನ್ನು ಪೂರ್ತಿ ತಲೆಕೆಳಗೆ ಮಾಡಿ ಹೇಳುತ್ತದೆ, ಹಾಗಾಗಿ ಜನ ಸೆಟ್ಟು ತಂದು, ಅಂಗಳದಲ್ಲಿ ನಿಂತು ಕೂಗಿ, ಉತ್ತರ ಬಾರದೆ ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ನಿಮ್ಮ ಅಂಗಳದಿಂದ, ಡಬ್ಬದೊಂದಿಗೆ ಬರುವ ಗಿಡ್ಡ ಆಂಟೆನಾದಲ್ಲಿ ಬದಿಯಡ್ಕಕ್ಕೆ ಮಾತು ಮುಟ್ಟಲಿಕ್ಕಿಲ್ಲ. ಅದೇ ಸೆಟ್ಟು, ಅದೇ ಐದು ವ್ಯಾಟು, ಗುಡ್ಡೆಯ ತಲೆಯ ಮೇಲಿದ್ದರೆ ಬದಿಯಡ್ಕ ದೊಡ್ಡ ದೂರವೇ ಅಲ್ಲ. ಇದು ಯಾಕೆ ಹೀಗೆ ಅಂತ ಕೆಳಗೆ ವಿವರವಾಗಿ ಹೇಳುತ್ತೇನೆ. ಮೊದಲು ಕಾನೂನಿನ ಮಾತು ಮುಗಿಸೋಣ.

ಲೈಸನ್ಸ್ ಬೇಕೇ ಬೇಕು. ಬರೀ ಮಾತಾಡುವುದಕ್ಕಲ್ಲ, ಪ್ರಸಾರ ಮಾಡಬಲ್ಲ ಸೆಟ್ಟನ್ನು ಇಟ್ಟುಕೊಳ್ಳುವುದಕ್ಕೂ ಬೇಕು. 1933ರ ವೈರ್‌ಲೆಸ್ ಕಾಯಿದೆಯ ಕಾಲದಿಂದಲೂ ಇದೇ ನಿಯಮ. 2023ರ ಟೆಲಿಕಮ್ಯುನಿಕೇಷನ್ಸ್ ಕಾಯಿದೆಯಲ್ಲೂ ರೇಡಿಯೋ ಉಪಕರಣ ಹೊಂದಲು ಅನುಮತಿ ಬೇಕು ಎಂದಿದೆ. ‘ಆನ್‌ಲೈನಿನಲ್ಲಿ ರಾಜಾರೋಷವಾಗಿ ಮಾರುತ್ತಾರಲ್ಲ’ ಅಂತ ನೀವು ಕೇಳಬಹುದು. ಮಾರುತ್ತಾರೆ ನಿಜ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ವಿಷಯಕ್ಕೆ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತು, ಮಾರ್ಗಸೂಚಿಯನ್ನೂ ಹೊರಡಿಸಿತು. ಯಾವ ಫ್ರೀಕ್ವೆನ್ಸಿ, ಲೈಸನ್ಸ್ ಬೇಕಾ, ಸರಕಾರದ ಟೈಪ್ ಅಪ್ರೂವಲ್, ಅಂದರೆ ಆ ಮಾದರಿಗೆ ಒಪ್ಪಿಗೆ, ಇದೆಯಾ ಎಂದು ಹೇಳದೆ ವಾಕಿಟಾಕಿ ಮಾರುವಂತಿಲ್ಲ. ಆದ್ದರಿಂದ ನೀವು ನೋಡಿದ ಪುಟದಲ್ಲಿ ಇವು ಮೂರೂ ಇಲ್ಲದಿದ್ದರೆ ಆ ಅಂಗಡಿಯನ್ನು ಬಿಟ್ಟುಬಿಡಿ.

ಹವ್ಯಾಸಿ ರೇಡಿಯೋ ಲೈಸನ್ಸ್ ಕೊಡುವುದು ಕೇಂದ್ರದ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅರ್ಜಿ ಹಾಕುವುದು ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ರಿಸ್ಟ್ರಿಕ್ಟೆಡ್, ಜನರಲ್ ಅಂತ ಎರಡು ದರ್ಜೆ. ರಿಸ್ಟ್ರಿಕ್ಟೆಡ್‌ಗೆ ರೇಡಿಯೋ ತತ್ವ ಮತ್ತು ನಿಯಮಗಳ ಪರೀಕ್ಷೆ ಬರೆದರೆ ಸಾಕು. ಜನರಲ್‌ಗೆ ಅದರ ಜೊತೆ ನಿಮಿಷಕ್ಕೆ 8 ಪದದ ವೇಗದಲ್ಲಿ ಚುಕ್ಕೆ-ಗೆರೆಯ ಮೋರ್ಸ್ ಸಂಕೇತ ಕಳಿಸಲೂ ಕೇಳಿಸಿಕೊಳ್ಳಲೂ ಬರಬೇಕು. ಪಾಸಾದವರಿಗೆ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ಗುರುತು ಹೇಳಿಕೊಳ್ಳುವ ಅಕ್ಷರ-ಅಂಕೆಗಳ ಹೆಸರು, ಸಿಗುತ್ತದೆ. ರಿಸ್ಟ್ರಿಕ್ಟೆಡ್‌ನವರದು ವಿಯು3 ಎಂದು ಶುರುವಾದರೆ ಜನರಲ್‌ನವರದು ವಿಯು2. ಕೇರಳ, ಕರ್ನಾಟಕ ಎಂಬ ಭೇದ ಇದರಲ್ಲಿ ಇಲ್ಲ. ನಮ್ಮ ಕಾಸರಗೋಡಿನವರಿಗೆ ಗಡಿಯ ತಲೆನೋವು ಇಲ್ಲದ ಸರಕಾರಿ ಕಾಗದ ಇದೊಂದೇ ಇರಬೇಕು! 20 ವರ್ಷಕ್ಕೆ ಅಥವಾ ಜೀವನಪೂರ್ತಿಗೆ ಲೈಸನ್ಸ್ ಪಡೆಯಬಹುದು. ಮಂಗಳೂರಿನಲ್ಲೂ ಇದೇ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಸ್ಟೇಷನ್ ಇದೆ. ಅರ್ಜಿ ತುಂಬುವಾಗ ನಿಮಗೆ ಹತ್ತಿರದ ಪರೀಕ್ಷಾ ಕೇಂದ್ರ ಯಾವುದು ಸಿಗುತ್ತದೆ ನೋಡಿ ಆರಿಸಿಕೊಳ್ಳಿ. ಪರೀಕ್ಷೆ ಆದ ಮೇಲೆ ಕಾಗದ ಕೈಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಆ ಹೊತ್ತನ್ನು ಆಂಟೆನಾ ಕೆಲಸಕ್ಕೆ ಬಳಸಿಕೊಳ್ಳಿ.

ಇಲ್ಲಿ ಒಂದು ಮುಖ್ಯ ವಿಷಯ. ಲೈಸನ್ಸ್ ಮನೆಗಲ್ಲ, ಮನುಷ್ಯನಿಗೆ. ನಿಮಗೆ ಸಿಕ್ಕಿತು ಅಂತ ನಿಮ್ಮ ಭಾವ ಮಾತಾಡುವಂತಿಲ್ಲ. ಅವರೂ ಪರೀಕ್ಷೆ ಬರೆಯಬೇಕು. ಎರಡನೆಯದು, ಹ್ಯಾಮ್ ಬ್ಯಾಂಡಿನಲ್ಲಿ, ಅಂದರೆ ಈ ಹವ್ಯಾಸಿಗಳಿಗೆ ಕೊಟ್ಟ ಫ್ರೀಕ್ವೆನ್ಸಿಗಳಲ್ಲಿ, ವ್ಯಾಪಾರದ ಮಾತಿಗೆ ಜಾಗ ಇಲ್ಲ. ‘ಇವತ್ತು ಚಾಲಿ ಅಡಿಕೆಗೆ ಎಷ್ಟು ರೇಟು, ನಾಳೆ ಲೋಡು ಕಳಿಸಲಾ’ ಅಂತ ಕೇಳಿದರೆ ಅದು ನಿಯಮ ಮುರಿದ ಹಾಗೆ. ಹಾಡು ಹಾಕುವಂತಿಲ್ಲ, ಗುಪ್ತ ಸಂಕೇತದಲ್ಲಿ ಮಾತಾಡುವಂತಿಲ್ಲ. ಮಾತು ಯಾರಿಗೂ ಕೇಳಿಸುತ್ತದೆ, ಖಾಸಗಿ ಎನ್ನುವುದೇ ಇಲ್ಲ. ಕನ್ನಡ, ತುಳು, ಹವ್ಯಕ, ಮಲಯಾಳ ಯಾವುದರಲ್ಲಾದರೂ ಮಾತಾಡಿ, ಆದರೆ ಕಾಲ್‌ಸೈನ್ ಹೇಳಿ ಮಾತಾಡಿ.

ಬರೀ ತೋಟದೊಳಗೆ, ಪಂಪ್‌ಶೆಡ್ಡಿನಿಂದ ಮನೆಗೆ, ಕೊಯ್ಲಿನವರಿಂದ ಅಂಗಳಕ್ಕೆ ಮಾತಾಡಬೇಕು ಅಷ್ಟೇ ಅಂದರೆ ಹ್ಯಾಮ್ ರೇಡಿಯೋ ಬೇಡವೇ ಬೇಡ. 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಅರ್ಧ ವ್ಯಾಟಿನ ಸಣ್ಣ ವಾಕಿಟಾಕಿಗಳಿಗೆ 2018ರ ನಿಯಮದಂತೆ ಲೈಸನ್ಸ್ ಬೇಡ. ಟೈಪ್ ಅಪ್ರೂವಲ್ ಇರುವ ಸೆಟ್ಟು ನೋಡಿ ತೆಗೆದುಕೊಳ್ಳಿ. ವ್ಯಾಪಾರದ ಮಾತೂ ಆಡಬಹುದು, ಯಾರಿಗೂ ಪರೀಕ್ಷೆಯೂ ಬೇಡ. ಆದರೆ ಒತ್ತು ಅಡಿಕೆ ಮರಗಳ ನಡುವೆ ಅದು ಕೆಲವು ನೂರು ಮೀಟರ್ ಹೋದರೆ ಪುಣ್ಯ. ಬದಿಯಡ್ಕವನ್ನು ಮರೆತುಬಿಡಿ.

ಈಗ ರೇಂಜಿನ ವಿಷಯ. ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲೇ.

ಕೈಸೆಟ್ಟುಗಳು ಬಳಸುವುದು ಎರಡು ಬ್ಯಾಂಡು. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ವಿಎಚ್‌ಎಫ್‌ನಲ್ಲಿ 144ರಿಂದ 146 ಮೆಗಾಹರ್ಟ್ಸ್, ಯುಎಚ್‌ಎಫ್‌ನಲ್ಲಿ 434ರಿಂದ 438 ಮೆಗಾಹರ್ಟ್ಸ್ ಕೊಟ್ಟಿದ್ದಾರೆ. ಈ ಅಲೆಗಳು ಹೆಚ್ಚುಕಡಿಮೆ ನೇರ ಹೋಗುತ್ತವೆ. ಆಕಾಶಕ್ಕೆ ಬಡಿದು ವಾಪಸು ಬರುವುದು ಶಾರ್ಟ್‌ವೇವ್‌ನ ಗುಣ, ಇವುಗಳದ್ದಲ್ಲ. ಬೇಸಿಗೆಯ ಕೆಲವು ರಾತ್ರಿ ಸಮುದ್ರದ ಮೇಲೆ ಬಿಸಿ ಗಾಳಿಯ ಪದರ ಕೂತು, ಅದರ ಅಡಿಯಲ್ಲಿ ವಿಎಚ್‌ಎಫ್ ಅಲೆ ನೂರಾರು ಕಿಲೋಮೀಟರ್ ಓಡುವುದುಂಟು. ಕರಾವಳಿಯವರಿಗೆ ಅದೊಂದು ಬೋನಸ್ ಅಷ್ಟೇ, ನಂಬಿ ಕೂರುವ ವಿಷಯ ಅಲ್ಲ.

ನೇರ ಹೋಗುವ ಅಲೆಗೆ ಭೂಮಿಯ ಉಬ್ಬೇ ಮೊದಲ ಅಡ್ಡಿ. ಲೆಕ್ಕ ಸುಲಭ: ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಅಷ್ಟು ಕಿಲೋಮೀಟರಿಗೆ ರೇಡಿಯೋದ ಕ್ಷಿತಿಜ. ಬೇಕಲದ ಮರಳಿನ ಮೇಲೆ ನಿಂತು ಸೆಟ್ಟನ್ನು ಬಾಯಿಯ ಹತ್ತಿರ ಹಿಡಿದರೆ ಆಂಟೆನಾ ನೆಲದಿಂದ ಒಂದೂವರೆ ಮೀಟರ್. ಲೆಕ್ಕ ಹಾಕಿದರೆ 5 ಕಿಲೋಮೀಟರ್. ಅದೇ ಕಡಲ ಕರೆಯಲ್ಲಿ ಆಚೆ ನಿಂತವರಿಗೂ 5. ಎರಡೂ ಕೂಡಿದರೆ 10. ಡಬ್ಬದ ಮೇಲೆ ಬರೆದ ಹತ್ತು ಕಿಲೋಮೀಟರ್ ಇದೇ ನೋಡಿ. ನಡುವೆ ಒಂದು ಗಾಳಿಮರವೂ ಇಲ್ಲದ ಬಯಲಿನ ಲೆಕ್ಕ ಅದು. ಬೈಲಿನ ಮನೆಗೂ ಅದಕ್ಕೂ ಸಂಬಂಧ ಇಲ್ಲ.

ಈಗ ಎತ್ತರ ಏರಿಸಿ. ಆಂಟೆನಾ 12 ಮೀಟರ್ ಮೇಲಿದ್ದರೆ ಕ್ಷಿತಿಜ 14 ಕಿಲೋಮೀಟರ್. 300 ಮೀಟರ್ ಎತ್ತರದ ಗುಡ್ಡದಿಂದ ತಗ್ಗಿನ ಬಯಲಿಗೆ 71 ಕಿಲೋಮೀಟರ್. ಪೊಸಡಿ ಗುಂಪೆ ಗುಡ್ಡಕ್ಕೆ ಹೋದವರಿಗೆ ಇದು ಲೆಕ್ಕ ಇಲ್ಲದೆಯೇ ಗೊತ್ತು. ಆಕಾಶ ತಿಳಿಯಾಗಿದ್ದ ದಿನ ಅಲ್ಲಿಂದ ಕಡಲೂ ಕಾಣುತ್ತದೆ, ಮಂಗಳೂರೂ ಕಾಣುತ್ತದೆ. ಕಣ್ಣಿಗೆ ಕಾಣುವ ಜಾಗಕ್ಕೆ ಐದು ವ್ಯಾಟಿನ ಕೈಸೆಟ್ಟು ಧಾರಾಳವಾಗಿ ಮುಟ್ಟುತ್ತದೆ. ಕೇಳುವ ಕಡೆಯಲ್ಲಿ ಒಳ್ಳೆಯ ಆಂಟೆನಾ ಇದ್ದರೆ ಒಂದೇ ವ್ಯಾಟು ಸಾಕು.

ಇನ್ನು ಗುಡ್ಡೆ. ನಮ್ಮ ಕಡೆಯ ಕೆಂಪುಕಲ್ಲಿನ ಗುಡ್ಡೆ ಅಡ್ಡ ಬಂದರೆ ಅಲೆ ಅಲ್ಲಿಗೇ ಮುಗಿಯಿತು. ಅಂಚಿನಲ್ಲಿ ಸ್ವಲ್ಪ ಬಾಗಿ ಆಚೆ ಇಳಿಯುತ್ತದೆ, ಆದರೆ ಗುಡ್ಡೆಯ ಬುಡದಲ್ಲೇ ಮನೆ ಇದ್ದರೆ ಅದರಿಂದ ಪ್ರಯೋಜನ ಕಡಿಮೆ. ಗೂಗಲ್ ಅರ್ತ್ ತೆರೆದು ನಿಮ್ಮ ಮನೆಯಿಂದ ಭಾವನ ಮನೆಗೆ ಒಂದು ಗೆರೆ ಎಳೆಯಿರಿ. ಆ ಗೆರೆಯ ಎಲಿವೇಷನ್ ಪ್ರೊಫೈಲ್ ಕೇಳಿದರೆ ನಡುವಿನ ಏರುತಗ್ಗನ್ನೆಲ್ಲ ಚಿತ್ರ ಮಾಡಿ ತೋರಿಸುತ್ತದೆ. ಎಷ್ಟು ಗುಡ್ಡೆ ಅಡ್ಡ ಇದೆ, ಯಾವುದು ದೊಡ್ಡದು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಈ ಕೆಲಸ ಮಾಡಿ.

ಆ ಚಿತ್ರ ನೋಡಿದ ಮೇಲೆ ಬಹುಶಃ ನಿಮಗೆ ಅನ್ನಿಸುತ್ತದೆ, ಮನೆಯ ಹಿಂದಿನ ಪದವಿನ, ಅಂದರೆ ಗುಡ್ಡೆಯ ಮೇಲಿನ ಸಮತಟ್ಟಿನ, ಮೇಲೆ ಹತ್ತಿ ಮಾತಾಡಿದರೆ ಆಗದಾ ಅಂತ. ಖಂಡಿತ ಆಗುತ್ತದೆ. ಕೈಸೆಟ್ಟಿನ ದೊಡ್ಡ ಗುಣವೇ ಅದು, ಅದನ್ನು ಎತ್ತಿಕೊಂಡು ಒಳ್ಳೆಯ ಜಾಗಕ್ಕೆ ನಡೆದು ಹೋಗಬಹುದು. ಭಾವನೊಡನೆ ಹೊತ್ತು ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ ಏಳಕ್ಕೆ ಐದು ನಿಮಿಷ, ಸಂಜೆ ಐದಕ್ಕೆ ಐದು ನಿಮಿಷ. ಇಬ್ಬರೂ ಆ ಹೊತ್ತಿಗೆ ಎತ್ತರದ ಜಾಗಕ್ಕೆ ಬಂದು ಸೆಟ್ಟು ಆನ್ ಮಾಡುವುದು. ದಿನವಿಡೀ ಆನ್ ಇಟ್ಟು ಬ್ಯಾಟರಿ ಕಳೆಯುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು ದಾರಿ ರಿಪೀಟರ್. ಗುಡ್ಡದ ತಲೆಯಲ್ಲಿ ಕೂತ ಸೆಟ್ಟು ಅದು. ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡದ್ದನ್ನು ಆ ಕ್ಷಣದಲ್ಲೇ ಇನ್ನೊಂದರಲ್ಲಿ ಹೆಚ್ಚು ಪವರಿನಲ್ಲಿ ಹೊರಗೆ ಬಿಡುತ್ತದೆ. ಉದಾಹರಣೆಗೆ ರಿಪೀಟರ್ 145.600ರಲ್ಲಿ ಮಾತಾಡುತ್ತದೆ ಅಂತಿಟ್ಟುಕೊಳ್ಳಿ, ಅದು ಕೇಳಿಸಿಕೊಳ್ಳುವುದು 145.000ರಲ್ಲಿ. ನಡುವಿನ ಆ 600 ಕಿಲೋಹರ್ಟ್ಸ್‌ಗೆ ಆಫ್‌ಸೆಟ್ ಎನ್ನುತ್ತಾರೆ. ಕೆಲವು ರಿಪೀಟರಿಗೆ ಕಿವಿಗೆ ಕೇಳದ ಒಂದು ಸಣ್ಣ ಟೋನನ್ನೂ ಮಾತಿನ ಜೊತೆ ಕಳಿಸಬೇಕು, ಇಲ್ಲವಾದರೆ ಬಾಗಿಲು ತೆರೆಯುವುದಿಲ್ಲ. ನೀವಿಬ್ಬರೂ ಪರಸ್ಪರ ಕಾಣದಿದ್ದರೂ ಇಬ್ಬರಿಗೂ ಆ ಗುಡ್ಡ ಕಂಡರೆ ಸಾಕು, ಮಾತು ನಡೆಯುತ್ತದೆ. ಈಗ ಚಾಲೂ ಇರುವ ರಿಪೀಟರ್ ಯಾವುದು, ಅದರ ಟೋನ್ ಏನು ಎನ್ನುವುದನ್ನು ಮಂಗಳೂರು, ಕಣ್ಣೂರು ಕಡೆಯ ಹ್ಯಾಮ್‌ಗಳನ್ನೇ ಕೇಳಿ. ಹಳೆಯ ಪಟ್ಟಿಗಳನ್ನು ನಂಬಬೇಡಿ, ಸಿಡಿಲಿಗೆ ಸುಟ್ಟು ಮಲಗಿದ ರಿಪೀಟರ್‌ಗಳೂ ಅದರಲ್ಲಿ ಇರುತ್ತವೆ.

ಪವರಿನ ಬಗ್ಗೆ ಒಂದು ಮಾತು. ‘ಇದು 8 ವ್ಯಾಟು, ಅದು ಬರೀ 5’ ಎಂದು ಅಂಗಡಿಯವರು ಹೇಳುತ್ತಾರೆ. ಪವರನ್ನು ನಾಲ್ಕು ಪಟ್ಟು ಮಾಡಿದರೆ ಕೇಳುವವರ ಸೆಟ್ಟಿನ ಸಿಗ್ನಲ್ ಮೀಟರಿನಲ್ಲಿ ಒಂದೇ ಒಂದು ಮೆಟ್ಟಿಲು (ಎಸ್-ಯೂನಿಟ್) ಏರುತ್ತದೆ. ಐದರಿಂದ ಎಂಟಕ್ಕೆ ಹೋದರೆ ಕಿವಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಬ್ಯಾಟರಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಆ ದುಡ್ಡನ್ನು ಆಂಟೆನಾಕ್ಕೆ ಹಾಕಿ.

ಆಂಟೆನಾಕ್ಕೆ ಬರೋಣ. 145 ಮೆಗಾಹರ್ಟ್ಸ್ ಅಲೆಯ ಉದ್ದ ಎರಡು ಮೀಟರ್. ಅದರ ಕಾಲು ಭಾಗ ಸುಮಾರು ಅರ್ಧ ಮೀಟರ್. ಸೆಟ್ಟಿನೊಂದಿಗೆ ಬರುವ ರಬ್ಬರಿನ ಆಂಟೆನಾ ಒಂದು ಗೇಣೂ ಇರುವುದಿಲ್ಲ, ಒಳಗೆ ತಂತಿಯನ್ನು ಸುರುಳಿ ಸುತ್ತಿ ಗಿಡ್ಡ ಮಾಡಿದ್ದಾರೆ. ಜೇಬಿಗೆ ಅನುಕೂಲ, ಅಲೆಗೆ ಅಲ್ಲ. ಜೊತೆಗೆ ಇಂಥ ಆಂಟೆನಾಕ್ಕೆ ನೆಲದ ಕಡೆಯ ಅರ್ಧವೂ ಬೇಕು. ಆ ಕೆಲಸವನ್ನು ಸೆಟ್ಟಿನ ಮೈ ಮತ್ತು ನಿಮ್ಮ ಕೈ ಹೇಗೋ ನಿಭಾಯಿಸುತ್ತವೆ, ಅರೆಬರೆಯಾಗಿ.

ಇದಕ್ಕೆ ಮನೆಯಲ್ಲೇ ಮಾಡುವ ಒಂದು ಉಪಾಯ ಇದೆ. ಮನೆ ವೈರಿಂಗಿಗೆ ಬಳಸುವ ಎಳೆ ತಂತಿಯಿಂದ 49 ಸೆಂಟಿಮೀಟರ್ ತುಂಡು ಕತ್ತರಿಸಿ. ಒಂದು ತುದಿಯ ಪ್ಲಾಸ್ಟಿಕ್ ಕೆರೆದು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ರಿಂಗ್ ಲಗ್ ಹಾಕಿ ಒತ್ತಿ. ಸೆಟ್ಟಿನ ಆಂಟೆನಾ ಬಿಚ್ಚಿ, ಆ ರಿಂಗನ್ನು ಕನೆಕ್ಟರಿನ ಹೊರಗಿನ ಲೋಹದ ಭಾಗಕ್ಕೆ ತೊಡಿಸಿ, ಮೇಲೆ ಆಂಟೆನಾ ತಿರುಗಿಸಿ ಕೂರಿಸಿ. ನಡುವಿನ ಪಿನ್ನಿಗೆ ರಿಂಗು ತಾಗಬಾರದು, ಆಂಟೆನಾ ಪೂರ್ತಿ ಬಿಗಿಯಾಗಿ ಕೂರಬೇಕು. ರಿಂಗು ದಪ್ಪವಾಗಿದ್ದರೆ ಆಂಟೆನಾ ಸಡಿಲ ನಿಲ್ಲುತ್ತದೆ, ಆಗ ತೆಳ್ಳಗಿನದ್ದು ಹುಡುಕಿ. ತಂತಿಯನ್ನು ಸುಮ್ನೆ ಕೆಳಗೆ ಜೋತುಬಿಡಿ. ಇಲಿಬಾಲ ಅಂತ ಹ್ಯಾಮ್‌ಗಳು ತಮಾಷೆಗೆ ಕರೆಯುವುದು ಇದನ್ನೇ. ಖರ್ಚು ಹತ್ತು ರೂಪಾಯಿಯೂ ಆಗಲಿಕ್ಕಿಲ್ಲ. ಗೊರಗೊರ ಎನ್ನುತ್ತಿದ್ದ ಮಾತು ಇದರಿಂದ ಸ್ಪಷ್ಟ ಆಗುವುದನ್ನು ಕಿವಿಯಲ್ಲೇ ಕೇಳಬಹುದು.

ಮನೆಯಿಂದಲೇ ಮಾತಾಡಬೇಕಾದರೆ ಹೊರಗಿನ ಆಂಟೆನಾ ಬೇಕು. ಒಂದು ನೆಟ್ಟಗಿನ ಕಡ್ಡಿ, ಬುಡದಲ್ಲಿ 45 ಡಿಗ್ರಿ ಕೆಳಗೆ ಬಾಗಿದ ನಾಲ್ಕು ಕಡ್ಡಿ, ಪ್ರತಿಯೊಂದೂ ಸುಮಾರು ಅರ್ಧ ಮೀಟರ್. ಗ್ರೌಂಡ್ ಪ್ಲೇನ್ ಎಂಬ ಈ ಆಂಟೆನಾವನ್ನು ಒಂದು ಸಾಕೆಟ್ಟಿಗೆ ಬೆಸುಗೆ ಹಾಕಿ ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ನೆಟ್ಟಗೆ ನಿಲ್ಲಿಸಿ, ಯಾಕೆಂದರೆ ಎಲ್ಲರೂ ಹಾಗೇ ನಿಲ್ಲಿಸುತ್ತಾರೆ. ಅಡ್ಡ ಹಿಡಿದರೆ ಸಿಗ್ನಲ್ ತುಂಬಾ ಬಿದ್ದುಹೋಗುತ್ತದೆ. ಕೇಬಲ್ ಆರಿಸುವಾಗ ಜಿಪುಣತನ ಬೇಡ. ಆರ್‌ಜಿ-58 ಎಂಬ ತೆಳ್ಳಗಿನ ಕೇಬಲ್ 10 ಮೀಟರ್ ಎಳೆದರೆ 145 ಮೆಗಾಹರ್ಟ್ಸ್‌ನಲ್ಲಿ ಸುಮಾರು 2 ಡೆಸಿಬೆಲ್ ತಿನ್ನುತ್ತದೆ. ಅಂದರೆ ಐದು ವ್ಯಾಟು ಕಳಿಸಿದರೆ ಮೇಲೆ ಮುಟ್ಟುವುದು ಮೂರು ಚಿಲ್ಲರೆ. ಆರ್‌ಜಿ-213 ದಪ್ಪ, ತೂಕ ಜಾಸ್ತಿ, ಆದರೆ ನಷ್ಟ ಅದರ ಅರ್ಧಕ್ಕಿಂತ ಕಡಿಮೆ.

ತೋಟದೊಳಗಿನಿಂದ ಮಾತಾಡುವಾಗ ವಿಎಚ್‌ಎಫ್ ಬಳಸಿ, ಯುಎಚ್‌ಎಫ್ ಬೇಡ. ಒದ್ದೆ ಎಲೆ, ಸೋಗೆಗಳು ಎರಡೂ ಬ್ಯಾಂಡಿನ ಅಲೆಯನ್ನು ಹೀರುತ್ತವೆ, ಆದರೆ ಯುಎಚ್‌ಎಫ್ ಅನ್ನು ಹೆಚ್ಚು ಹೀರುತ್ತವೆ. ಕಾಂಕ್ರೀಟ್ ಕಟ್ಟಡದ ಒಳಗಿನಿಂದ ಮಾತಾಡುವಾಗ ಇದು ತಿರುಗಾಮುರುಗಾ ಆಗುವುದುಂಟು, ಕಿಟಕಿಯ ಸಂದಿಯಲ್ಲಿ ಯುಎಚ್‌ಎಫ್ ಸುಲಭವಾಗಿ ನುಸುಳುತ್ತದೆ.

ಎರಡು ಎಚ್ಚರಿಕೆ, ಇವು ಪ್ರಾಣದ ವಿಷಯ. ಆಂಟೆನಾ ಏರಿಸಲು ಅಲ್ಯುಮಿನಿಯಂ ದೋಟಿ ಎತ್ತುವ ಆಲೋಚನೆ ಬಂದರೆ ಮೊದಲು ತಲೆಯೆತ್ತಿ ಕರೆಂಟಿನ ಲೈನ್ ಎಲ್ಲಿದೆ ನೋಡಿ. ದೋಟಿ ಲೈನಿಗೆ ತಾಗಿ ಪ್ರಾಣ ಕಳೆದುಕೊಂಡ ಸುದ್ದಿ ನಮ್ಮ ಕಡೆ ಹೊಸತಲ್ಲ. ಆಂಟೆನಾ ಕಂಬ ಯಾವ ಕಡೆ ಬಿದ್ದರೂ ಲೈನಿಗೆ ತಾಗದಷ್ಟು ದೂರದಲ್ಲಿರಬೇಕು. ಎರಡನೆಯದು ಸಿಡಿಲು. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೂ ತುಲಾ ಮಾಸದ (ಅಕ್ಟೋಬರ್-ನವೆಂಬರ್) ಗುಡುಗಿಗೂ ನಮ್ಮ ಗುಡ್ಡೆಗಳು ಹೆಸರುವಾಸಿ. ಮೋಡ ಕವಿಯುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಬಿಚ್ಚಿ ಮನೆಯ ಹೊರಗೆ ಹಾಕಿ. ಗುಡುಗು ಶುರುವಾದ ಮೇಲೆ ಬಿಚ್ಚಲು ಓಡಬೇಡಿ. ಪದವಿನ ಮೇಲೆ ನಿಂತಿದ್ದರೆ ಮಾತು ನಿಲ್ಲಿಸಿ ಕೆಳಗಿಳಿಯಿರಿ.

ಯಾವ ಸೆಟ್ಟು? ಬಾವೊಫೆಂಗ್ ಯುವಿ-5ಆರ್ ಎಲ್ಲರ ಕೈಯಲ್ಲೂ ಕಾಣುತ್ತದೆ. 128 ಚಾನೆಲ್, ಎರಡು ಬ್ಯಾಂಡು, ಕಡಿಮೆ ಬೆಲೆ. ಕಲಿಯಲು ಸಾಕು. ಕ್ವಾನ್‌ಶೆಂಗ್ ಯುವಿ-ಕೆ5 ಅದೇ ಬೆಲೆಯ ಆಸುಪಾಸಿನದ್ದು, ಟೈಪ್-ಸಿ ಚಾರ್ಜಿಂಗ್ ಇದೆ. ಕರೆಂಟಿಲ್ಲದ ದಿನ ಪವರ್‌ಬ್ಯಾಂಕಿನಿಂದಲೇ ಚಾರ್ಜ್ ಆಗುವುದರಿಂದ ನಿಮ್ಮಂಥವರಿಗೆ ನಾನು ಅದನ್ನು ಮೊದಲು ಹೇಳುತ್ತೇನೆ. ಈ ಅಗ್ಗದ ಸೆಟ್ಟುಗಳ ದೊಡ್ಡ ಕೊರತೆ ರಿಸೀವರ್. ಒಂದೇ ಚಿಪ್ಪಿನಲ್ಲಿ ಎಲ್ಲ ಕೆಲಸ. ಹತ್ತಿರದಲ್ಲಿ ಜೋರಾದ ಬೇರೆ ಸಿಗ್ನಲ್ ಇದ್ದರೆ ಅದಕ್ಕೆ ಕಿವುಡು ಬಡಿಯುತ್ತದೆ. ಬೈಲಿನಲ್ಲಿ ಚೆನ್ನಾಗಿ ಕೇಳುವ ಸೆಟ್ಟು ಮಂಗಳೂರು ಪೇಟೆಯಲ್ಲಿ, ಟವರುಗಳ ಬುಡದಲ್ಲಿ ಏನೂ ಕೇಳದೆ ನಿಲ್ಲುವುದು ಇದಕ್ಕೇ. ವಿಚಿತ್ರ ಅಂದರೆ ಹೊರಗಿನ ದೊಡ್ಡ ಆಂಟೆನಾ ಹಾಕಿದರೆ ಈ ರೋಗ ಇನ್ನೂ ಜಾಸ್ತಿ. ಯೇಸು (Yaesu), ಐಕಾಮ್, ಕೆನ್‌ವುಡ್ ಸೆಟ್ಟುಗಳು ಹಲವು ಪಟ್ಟು ದುಬಾರಿ, ಆದರೆ ಈ ವಿಷಯದಲ್ಲಿ ಗಟ್ಟಿ. ಪ್ರಸಾರದ ಶುದ್ಧಿಯೂ ಹಾಗೇ. ಅಗ್ಗದ ಕೆಲವು ಸೆಟ್ಟುಗಳು 145ರಲ್ಲಿ ಮಾತಾಡುವಾಗ ಅದರ ದುಪ್ಪಟ್ಟು 290ರಲ್ಲೂ ಸ್ವಲ್ಪ ಉಗುಳುತ್ತವೆ. ಮೊದಲ ಸೆಟ್ಟು ಅಗ್ಗದ್ದಿರಲಿ, ಹವ್ಯಾಸ ಹಿಡಿದರೆ ಎರಡನೆಯದಕ್ಕೆ ದುಡ್ಡು ಹಾಕಿ.

ಈ ಸೆಟ್ಟುಗಳು ಹ್ಯಾಮ್ ಬ್ಯಾಂಡಿನ ಹೊರಗೂ ಪ್ರಸಾರ ಮಾಡಬಲ್ಲವು. ಯುವಿ-5ಆರ್ 136ರಿಂದ 174 ಮೆಗಾಹರ್ಟ್ಸ್ ವರೆಗೆ ಹೋಗುತ್ತದೆ. ಅದರಲ್ಲಿ ದೋಣಿ, ಹಡಗುಗಳ ತುರ್ತು ಚಾನೆಲ್ 156.800 ಕೂಡ ಬರುತ್ತದೆ. ಬಟನ್ ಒತ್ತಿದರೆ ಹೋಗುತ್ತದೆ ಎಂದ ಮಾತ್ರಕ್ಕೆ ಒತ್ತುವ ಹಕ್ಕಿಲ್ಲ. ನಮ್ಮದು ಕರಾವಳಿ ಜಿಲ್ಲೆ, ಕೋಸ್ಟಲ್ ಪೊಲೀಸರು ಇದನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಕಂಪ್ಯೂಟರಿನಲ್ಲಿ ಚಿರ್ಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ನಿಮಗೆ ಬೇಕಾದ ನಾಲ್ಕಾರು ಚಾನೆಲ್ ಮಾತ್ರ ತುಂಬಿಸಿ, ಚಾನೆಲ್ ಮೋಡಿನಲ್ಲೇ ಬಳಸಿ. ಇದಕ್ಕೆ ಸೆಟ್ಟನ್ನು ಕಂಪ್ಯೂಟರಿಗೆ ಜೋಡಿಸುವ ಪ್ರೋಗ್ರಾಮಿಂಗ್ ಕೇಬಲ್ ತೆಗೆದುಕೊಳ್ಳುವಾಗ ನಕಲಿ ಚಿಪ್ಪಿನದ್ದು ಸಿಕ್ಕರೆ ವಿಂಡೋಸ್ ಅದನ್ನು ಗುರುತಿಸುವುದೇ ಇಲ್ಲ. ಎಷ್ಟೋ ಜನ ಸೆಟ್ಟು ಹಾಳಾಗಿದೆ ಅಂದುಕೊಳ್ಳುವುದು ಇಲ್ಲೇ.

ಸೆಟ್ಟು ಬಂದ ಮೇಲೆ ಮೆನುವಿನಲ್ಲಿ ಕೆಲವನ್ನು ಬದಲಿಸಿ. ವೈಡ್, ನ್ಯಾರೋ ಎರಡರಲ್ಲಿ ವೈಡ್ ಎಫ್‌ಎಂ ಇರಲಿ. ವಾಕ್ಸ್, ಅಂದರೆ ದನಿ ಕೇಳಿದೊಡನೆ ತಾನೇ ಪ್ರಸಾರ ಶುರುಮಾಡುವ ಸೌಲಭ್ಯ, ಆಫ್ ಮಾಡಿ. ಇಲ್ಲವಾದರೆ ನಾಯಿ ಬೊಗಳಿದ್ದೂ ಬದಿಯಡ್ಕಕ್ಕೆ ಹೋಗುತ್ತದೆ. ಮಾತು ಮುಗಿದಾಗ ಪೀಂ ಎನ್ನುವ ಬೀಪನ್ನೂ ತೆಗೆಯಿರಿ. ಎರಡು ಚಾನೆಲ್ ಒಟ್ಟಿಗೆ ಕೇಳುವ ಡ್ಯುಯಲ್ ವಾಚ್ ಹೊಸಬರಿಗೆ ಗೊಂದಲ, ಒಂದರಲ್ಲಿ ಕೇಳಿದ ಕರೆಗೆ ಇನ್ನೊಂದರಲ್ಲಿ ಉತ್ತರ ಹೋಗುತ್ತದೆ.

ಮಾತಾಡುವಾಗ ಸೆಟ್ಟು ಬಾಯಿಯಿಂದ ಎರಡು ಮೂರು ಬೆರಳಿನಷ್ಟು ದೂರ, ಸ್ವಲ್ಪ ಓರೆಗೆ. ಆಂಟೆನಾ ನೆಟ್ಟಗೆ. ಬಟನ್ ಒತ್ತಿ ಒಂದು ಕ್ಷಣ ಬಿಟ್ಟು ಮಾತು ಶುರುಮಾಡಿ, ಇಲ್ಲವಾದರೆ ಮೊದಲ ಅಕ್ಷರ ನುಂಗಿಹೋಗುತ್ತದೆ. ಮೊದಲು ಅವರ ಕಾಲ್‌ಸೈನ್, ಆಮೇಲೆ ನಿಮ್ಮದು. ಅವರು ಮುಗಿಸಿದ ಮೇಲೆ ಎರಡು ಕ್ಷಣ ಬಿಡಿ, ನಡುವೆ ಬೇರೆ ಯಾರಿಗಾದರೂ ತುರ್ತಿದ್ದರೆ ಅವರು ಕರೆಯಲಿ. ಸೊಂಟಕ್ಕೆ ಸಿಕ್ಕಿಸಿಕೊಂಡು ಮೈಕಿನಲ್ಲಿ ಮಾತಾಡುವುದು ನೋಡಲು ಚೆಂದ, ಆದರೆ ಅರ್ಧಕ್ಕಿಂತ ಜಾಸ್ತಿ ಪವರನ್ನು ನಿಮ್ಮ ಮೈಯೇ ನುಂಗುತ್ತದೆ.

ಮಳೆಗಾಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅಗ್ಗದ ಸೆಟ್ಟುಗಳು ನೀರು ತಡೆಯುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದರೂ ಮಾತು ಹೋಗುತ್ತದೆ, ಅಲೆಗೆ ಪ್ಲಾಸ್ಟಿಕ್ ಅಡ್ಡಿಯಲ್ಲ. ಮನೆಯಲ್ಲಿ ಸಿಲಿಕಾ ಜೆಲ್ ಜೊತೆ ಡಬ್ಬದಲ್ಲಿಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ. ಅರ್ಧ ಚಾರ್ಜಿನಲ್ಲಿ, ಸೆಟ್ಟಿನಿಂದ ಬಿಚ್ಚಿ ಇಡಿ. ಹೊರಗಿನ ಆಂಟೆನಾದ ಜೋಡಣೆಗೆ ನೀರು ಹೋಗದ ಟೇಪನ್ನು ಎಳೆದು ಸುತ್ತಿ. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಒಂದು ಬಳಸು ಕೆಳಗೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಒಳಗೆ ನೀರು ಹೋದ ಕೇಬಲ್ ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಸಿಗ್ನಲ್ ಮಾತ್ರ ಸಾಗುವುದಿಲ್ಲ. ಈ ಕೆಲಸವನ್ನೆಲ್ಲ ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲೇ ಮುಗಿಸಿ.

ಆಪತ್ತಿನ ಹೊತ್ತಿಗೆ ಹ್ಯಾಮ್ ರೇಡಿಯೋ ಊರನ್ನೇ ಉಳಿಸುತ್ತದೆ ಎಂಬ ಕತೆಗಳನ್ನು ನೀವೂ ಕೇಳಿರಬಹುದು. ನಿಜವಾದ ಕತೆಗಳೂ ಇವೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ ಹವ್ಯಾಸದ ಕಾರ್ಯಕ್ರಮಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ಫೋನುಗಳು ಸತ್ತಿದ್ದಾಗ ಅವರ ಸ್ಟೇಷನ್ನಿನಿಂದಲೇ ಅಂಡಮಾನಿನ ಸುದ್ದಿ, ಜನರ ಯೋಗಕ್ಷೇಮದ ಸಂದೇಶ ಹೊರಗೆ ಬಂದವು. ಆದರೆ ಸಮುದ್ರ ದಾಟಿ ಮುಟ್ಟಿದ್ದು ಶಾರ್ಟ್‌ವೇವ್ ಸೆಟ್ಟು, ಕೈಸೆಟ್ಟಲ್ಲ. ಕೈಸೆಟ್ಟು ಮಾಡುವುದು ಪಂಚಾಯತಿನ ಒಳಗಿನ ಕೆಲಸ. ಈ ಬೈಲಿನಿಂದ ಆ ಬೈಲಿಗೆ, ಶಾಲೆಯಲ್ಲಿನ ಗಂಜಿ ಕೇಂದ್ರದಿಂದ ರಸ್ತೆಗೆ. ಅದೂ ದಿನಾ ಮಾತಾಡಿ ಅಭ್ಯಾಸ ಇದ್ದವರ ಕೈಯಲ್ಲಿ ಮಾತ್ರ.

ಮಗಳ ವಿಷಯಕ್ಕೆ ಬಂದರೆ, ಈ ಇಡೀ ಪತ್ರದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟ ಸಾಲು ಅದು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು, ಆದ್ದರಿಂದ ಅವಳೂ ಬರೆಯಲಿ. ಓಮ್‌ನ ನಿಯಮ, ಕೆಪಾಸಿಟರ್, ಅಲೆಯ ಉದ್ದ ಎಲ್ಲ ಶಾಲೆಯ ಭೌತಶಾಸ್ತ್ರಕ್ಕೆ ಹತ್ತಿರದ್ದೇ. ನಿಮಗಿಂತ ಮೊದಲು ಅವಳೇ ಪಾಸಾದರೆ ಬೇಜಾರು ಮಾಡಿಕೊಳ್ಳಬೇಡಿ. ಲೈಸನ್ಸ್ ಬಂದ ಮೇಲೆ ಅವಳಿಗೆ ಮೊದಲ ಕೆಲಸವಾಗಿ ಬಾಹ್ಯಾಕಾಶ ನಿಲ್ದಾಣವನ್ನು ಕೇಳಿಸಿ. ಸುಮಾರು 400 ಕಿಲೋಮೀಟರ್ ಮೇಲೆ ಹಾರುವ ಆ ನಿಲ್ದಾಣದಲ್ಲಿ ಹ್ಯಾಮ್ ರೇಡಿಯೋ ಇದೆ. ಗಗನಯಾತ್ರಿಗಳು ಶಾಲಾ ಮಕ್ಕಳೊಂದಿಗೆ ಮಾತಾಡುವಾಗ ಅವರ ದನಿ 145.800 ಮೆಗಾಹರ್ಟ್ಸ್‌ನಲ್ಲಿ ಇಳಿಯುತ್ತದೆ. ಕೆಲವು ದಿನ ಅದೇ ಫ್ರೀಕ್ವೆನ್ಸಿಯಲ್ಲಿ ಚಿತ್ರಗಳನ್ನೂ ಕಳಿಸುತ್ತಾರೆ. ಫೋನನ್ನು ಸೆಟ್ಟಿನ ಹತ್ತಿರ ಹಿಡಿದರೆ ಆಪ್‌ ಆ ಚಿತ್ರವನ್ನು ಗೆರೆ ಗೆರೆಯಾಗಿ ಬಿಡಿಸುತ್ತದೆ. ನಿಲ್ದಾಣ ಯಾವಾಗ ತಲೆಯ ಮೇಲೆ ಬರುತ್ತದೆ ಎಂದು ಮೊದಲೇ ತಿಳಿಸುವ ಆಪ್‌ಗಳೂ ಇವೆ. ಒಂದು ಸಲ ಹಾದುಹೋಗಲು ಹೆಚ್ಚೆಂದರೆ ಹತ್ತು ನಿಮಿಷ. ಸಿಗ್ನಲ್ ಇಲ್ಲದಾಗ ಗೊರಗೊರ ಸದ್ದನ್ನು ತಡೆಯುವ ಸ್ಕ್ವೆಲ್ಚನ್ನು ಪೂರ್ತಿ ತೆರೆದಿಡಬೇಕು, ಆಂಟೆನಾವನ್ನು ನಿಲ್ದಾಣದ ಕಡೆಗೆ ಚಾಚದೆ ಅದಕ್ಕೆ ಅಡ್ಡಲಾಗಿ ಹಿಡಿಯಬೇಕು. ಬದಿಯಡ್ಕ ಮುಟ್ಟದ ಸೆಟ್ಟಿನಲ್ಲಿ ಬಾಹ್ಯಾಕಾಶ ಕೇಳುತ್ತದೆ, ಯಾಕೆಂದರೆ ನಡುವೆ ಗುಡ್ಡೆ ಇಲ್ಲ. ನಮ್ಮ ದೇಶದವರೇ ಹ್ಯಾಮ್‌ಗಳಿಗೆಂದು 2005ರ ಮೇ 5ರಂದು ಶ್ರೀಹರಿಕೋಟದಿಂದ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋದ ಉಪಗ್ರಹವನ್ನು ಹಾರಿಸಿದ್ದರು. 2014ರವರೆಗೆ ಅದು ಕೆಲಸ ಮಾಡಿತು.

ಲೈಸನ್ಸ್ ಬರುವ ತನಕ ಇಂಟರ್ನೆಟ್ಟಿನಲ್ಲಿ ಸಿಗುವ ವೆಬ್ ರಿಸೀವರ್‌ಗಳಲ್ಲಿ ಹ್ಯಾಮ್‌ಗಳ ಮಾತು ಕೇಳುತ್ತಿರಲಿ. ಯಾರು ಹೇಗೆ ಕರೆಯುತ್ತಾರೆ, ಹೇಗೆ ಮುಗಿಸುತ್ತಾರೆ ಎಂಬುದು ಕಿವಿಗೆ ಹತ್ತುತ್ತದೆ.

ಕೊನೆಯದು ಮಂಗಳೂರಿಗೆ ಒಯ್ಯುವುದು. ಲೈಸನ್ಸ್ ಇದ್ದರೆ ತಲಪಾಡಿಯ ಗಡಿ ದಾಟುವುದು ಸಮಸ್ಯೆಯಲ್ಲ, ಅದು ಇಡೀ ದೇಶಕ್ಕೆ ಒಂದೇ. ಆದರೆ ಅದರಲ್ಲಿ ಬರೆದಿರುವ ಸ್ಟೇಷನ್ ವಿಳಾಸ ನಿಮ್ಮ ಮನೆಯದು, ಬೇರೆ ಕಡೆಯಿಂದ ಪ್ರಸಾರ ಮಾಡುವ ಮೊದಲು ಷರತ್ತುಗಳನ್ನು ಓದಿಕೊಳ್ಳಿ. ಲೈಸನ್ಸಿನ ಪ್ರತಿ ಮತ್ತು ಸೆಟ್ಟಿನ ಬಿಲ್ಲು ಬ್ಯಾಗಿನಲ್ಲಿರಲಿ. ಪೊಲೀಸರು ಕೇಳಿದರೆ ತೋರಿಸಿ, ವಾದ ಬೇಡ. ಹೆಚ್ಚಿನವರು ಈ ಕಾಗದವನ್ನು ಮೊದಲ ಸಲ ನೋಡುತ್ತಿರುತ್ತಾರೆ. ಬಸ್ಸಿನ ಒಳಗೆ ಸಿಗ್ನಲ್ ಬರುವುದೇ ಕಷ್ಟ, ಸುತ್ತಲೂ ತಗಡು. ಕಾರಿನಲ್ಲಾದರೆ ಮಾಡಿನ ಮೇಲೆ ಅಯಸ್ಕಾಂತದಲ್ಲಿ ಕೂರುವ ಆಂಟೆನಾ ಹಾಕಿ. ಬಜ್ಪೆಯಿಂದ ವಿಮಾನ ಹತ್ತುವುದಿದ್ದರೆ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿಡಿ, ಚೆಕ್‌-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ.